ಗ್ರೇಟೆಯನ್ನು ಯಾಕೆ ಎಲ್ಲರೂ ಬೈಯುತ್ತಾರೆ? ಕಾಫ್ಕಾನ 'ಮೆಟಮಾರ್ಫಸಿಸ್' ಓದಿದವರು ಹೇಳಿ

ಹಿತ್ತಲ ಬಾಗಿಲು

ಲೇಖಕ ಫ್ರಾಂಝ್ ಕಾಫ್ಕಾನ ಈ ಕಥೆಯ ಬಗ್ಗೆ ಮಾತು ಬಂದಾಗಲೆಲ್ಲ ಒಂದು ತೀರ್ಪು ಬಂದೇ ಬರುತ್ತದೆ. ಅಣ್ಣ ಗ್ರೆಗರ್ ಸಾಮ್ಸಾ ಮನೆಯವರಿಗಾಗಿ ಜೀವ ತೇಯ್ದ. ಒಂದು ಬೆಳಿಗ್ಗೆ ಅವನು ಇದ್ದಕ್ಕಿದ್ದಂತೆ ಹುಳವಾದ ಮೇಲೆ ತಂಗಿ ಗ್ರೇಟೆಯೇ ಎದ್ದುನಿಂತು 'ಇದನ್ನು ಹೇಗಾದರೂ ಸಾಗಹಾಕಬೇಕು' ಅಂದಳು. ಎಂಥ ಕೃತಘ್ನೆ! ಇಷ್ಟು ಹೇಳಿ ಮುಗಿಸಿಬಿಡುತ್ತಾರೆ.

ನನಗೆ ಇದು ಒಪ್ಪಿಗೆಯಿಲ್ಲ. ಆ ಮನೆಯಲ್ಲಿ ಯಾರು ಏನು ಮಾಡಿದರು ಅಂತ ಸ್ವಲ್ಪ ನೋಡಿ. ಮೊದಲ ದಿನವೇ ಅಪ್ಪ ಒಂದು ಕೈಯಲ್ಲಿ ಕೋಲು, ಇನ್ನೊಂದು ಕೈಯಲ್ಲಿ ಪತ್ರಿಕೆ ಹಿಡಿದು ಮಗನನ್ನು ಕೋಣೆಯೊಳಗೆ ಅಟ್ಟಿದ. ಅಮ್ಮ ಮಗನನ್ನು ನೋಡಿದರೆ ಮೂರ್ಛೆ ಹೋಗುತ್ತಾಳೆ. ಬಾಗಿಲು ತೆರೆದು ಒಳಗೆ ಹೋದವಳು ಗ್ರೇಟೆ ಒಬ್ಬಳೇ. ವಯಸ್ಸು 17. ಅಣ್ಣನಿಗೆ ಹಾಲು ಇಷ್ಟ ಅಂತ ಹಾಲಲ್ಲಿ ಬ್ರೆಡ್ ಹಾಕಿ ಇಟ್ಟಳು. ಅವನು ಮುಟ್ಟಲಿಲ್ಲ. ಅದನ್ನು ಗಮನಿಸಿದಳು. ಮುಂದಿನ ಸಲ ಹಳೇ ಪತ್ರಿಕೆ ಹಾಸಿ ತರಾವರಿ ತಿನಿಸು ಇಟ್ಟಳು. ಅರ್ಧ ಕೊಳೆತ ತರಕಾರಿ, ರಾತ್ರಿ ಊಟದಲ್ಲಿ ಉಳಿದ ಮೂಳೆ, ಒಣದ್ರಾಕ್ಷಿ, ಬಾದಾಮಿ, ಎರಡು ದಿನದ ಹಿಂದೆ ಅವನೇ ತಿನ್ನೋಕೆ ಲಾಯಕ್ಕಿಲ್ಲ ಅಂದಿದ್ದ ಚೀಸ್. ಅವನಿಗೆ ಈಗ ಏನು ಹಿಡಿಸುತ್ತದೆ ಅಂತ ಕಂಡುಹಿಡಿಯಬೇಕಿತ್ತಲ್ಲ. ಆಮೇಲೆ ತಾನಿದ್ದರೆ ಅವನು ತಿನ್ನಲಾರ ಅಂತ ಹೊರಗೆ ಹೋಗಿ ಬೀಗದ ಕೈ ತಿರುಗಿಸಿದಳು. ಆ ಸದ್ದು ಕೇಳಿದರೆ ಅವನಿಗೂ ನಿಶ್ಚಿಂತೆ.

ಇಷ್ಟು ಸೂಕ್ಷ್ಮ ಇಡೀ ಕಥೆಯಲ್ಲಿ ಬೇರೆ ಯಾರಲ್ಲೂ ಇಲ್ಲ. ತಿಂಗಳುಗಟ್ಟಲೆ ಅವಳೇ ಊಟ ಇಟ್ಟಳು, ಅವಳೇ ಗುಡಿಸಿದಳು. ಜೊತೆಗೆ ಅಂಗಡಿಯಲ್ಲಿ ಮಾರಾಟದ ಕೆಲಸ. ಸಂಜೆ ಶೀಘ್ರಲಿಪಿ, ಫ್ರೆಂಚ್ ಕಲಿಕೆ. ಕೊನೆಗೊಂದು ದಿನ ಕೈಲಾಗುವುದಿಲ್ಲ ಅಂದಳು. ಆ ಒಂದು ದಿನವನ್ನು ಹಿಡಿದು ಅವಳನ್ನು ತೂಗುತ್ತೇವೆ. ಅಪ್ಪ ಅಮ್ಮನನ್ನು ಯಾರೂ ಕೇಳುವುದಿಲ್ಲ.

ನನಗೆ ಅನ್ನಿಸುವುದು ಇಷ್ಟು. ಆ ಮನೆಯಲ್ಲಿ ಕರ್ತವ್ಯ ಯಾವಾಗಲೂ ಒಬ್ಬರ ತಲೆ ಮೇಲೆಯೇ ಬೀಳುತ್ತದೆ. ಮೊದಲು ಗ್ರೆಗರ್, ಆಮೇಲೆ ಗ್ರೇಟೆ. ಉಳಿದವರು ಅಭ್ಯಾಸ ಮಾಡಿಕೊಳ್ಳುತ್ತಾರೆ. ಆ ಒಬ್ಬರು ಮನೆಯವರ ನಡುವೆಯೇ ಒಂಟಿಯಾಗುತ್ತಾರೆ. ಹುಳ ಆಗುವುದೆಲ್ಲ ಆಮೇಲಿನ ಮಾತು.

ಒಂದನೇ ತಾರೀಖು

ನಿಮ್ಮ ಕೊನೆಯ ಸಾಲು ಒಪ್ಪುತ್ತೇನೆ. ಗ್ರೇಟೆಯ ಬಗ್ಗೆ ಅಷ್ಟು ಸುಲಭಕ್ಕೆ ಒಪ್ಪಲಾರೆ.

ನಾನು ಮನೆಗೆ ಹಿರಿಮಗ. ಬೆಂಗಳೂರಲ್ಲಿ ಕೆಲಸ, ಊರಲ್ಲಿ ಅಪ್ಪ ಅಮ್ಮ, ತಂಗಿಯ ಓದು, ಮನೆ ಸಾಲ. ಹಾಗಾಗಿ ನಾನು ಗ್ರೆಗರ್ ಕಡೆ ನಿಂತೇ ಓದುತ್ತೇನೆ. ಬೆಳಿಗ್ಗೆ ಎದ್ದಾಗ ಬೆನ್ನು ಗಟ್ಟಿ ಚಿಪ್ಪಾಗಿದೆ, ಎಷ್ಟೋ ಕಾಲುಗಳು ಒದ್ದಾಡುತ್ತಿವೆ. ಆಗ ಅವನು ಯೋಚಿಸುವುದು ರೈಲಿನ ಬಗ್ಗೆ! ಅಲಾರಂ ನಾಲ್ಕಕ್ಕೆ ಇಟ್ಟಿದ್ದೆ, ಈಗ ಆರೂವರೆ, ಐದರ ರೈಲು ಹೋಯಿತು, ಮುಂದಿನದು ಏಳಕ್ಕೆ, ಬಟ್ಟೆಯ ಸ್ಯಾಂಪಲ್ ಇನ್ನೂ ಕಟ್ಟಿಲ್ಲ. ಕಾಯಿಲೆ ಅಂತ ಹೇಳಿ ಕಳಿಸೋಣ ಅಂದರೆ ಐದು ವರ್ಷದಲ್ಲಿ ಒಂದು ದಿನವೂ ಕಾಯಿಲೆ ಬಿದ್ದಿಲ್ಲ, ಯಾರೂ ನಂಬುವುದಿಲ್ಲ. ಒಂದು ರೈಲು ತಪ್ಪಿದ್ದಕ್ಕೆ ಆಫೀಸಿನ ಮುಖ್ಯ ಗುಮಾಸ್ತನೇ ಮನೆ ಬಾಗಿಲಿಗೆ ಬರುತ್ತಾನೆ. ಮೊದಲ ಸಲ ಓದಿದಾಗ ಇದು ವಿಚಿತ್ರ ಅನ್ನಿಸಿತ್ತು. ಈಗ ವಿಚಿತ್ರ ಅನ್ನಿಸುವುದಿಲ್ಲ.

ಆದರೆ ನನಗೆ ನಿಜಕ್ಕೂ ನೋವು ಕೊಟ್ಟ ಜಾಗ ಬೇರೆ. ಅಪ್ಪನ ವ್ಯಾಪಾರ ಮುಳುಗಿದ ಮೇಲೆ ಗ್ರೆಗರ್ ಮೊದಲ ಸಲ ದುಡ್ಡು ತಂದು ಮೇಜಿನ ಮೇಲೆ ಇಟ್ಟಾಗ ಮನೆಯವರಿಗೆ ಎಷ್ಟು ಸಂತೋಷ, ಎಷ್ಟು ಬೆರಗು. ಆಮೇಲೆ? ದುಡ್ಡು ಬರುತ್ತಲೇ ಇತ್ತು. ಅವರು ಕೃತಜ್ಞತೆಯಿಂದಲೇ ತಗೊಳ್ಳುತ್ತಿದ್ದರು, ಅವನು ಖುಷಿಯಿಂದಲೇ ಕೊಡುತ್ತಿದ್ದ. ಆದರೆ ಆ ಬಿಸುಪು ಮಾತ್ರ ಇರಲಿಲ್ಲ. ಕಾಫ್ಕಾ ಇದನ್ನು ದೂರಿನ ಹಾಗೆ ಬರೆಯುವುದಿಲ್ಲ. ಎರಡು ಸಾಲಲ್ಲಿ ಹೇಳಿ ಮುಂದೆ ಹೋಗುತ್ತಾನೆ. ಯಾರೂ ಕೆಟ್ಟವರಲ್ಲ, ಯಾರೂ ಬೈದಿಲ್ಲ, ಆದರೂ ಏನೋ ಹೋಗಿಬಿಟ್ಟಿದೆ. ಪ್ರತಿ ತಿಂಗಳು ದುಡ್ಡು ಕಳಿಸುವವರಿಗೆ ಇದು ಚೆನ್ನಾಗಿ ಗೊತ್ತು.

ಮತ್ತೆ ಆ ಕೂಡಿಟ್ಟ ಹಣ! ಮಗ ಕೋಣೆಯಲ್ಲಿ ಹುಳವಾಗಿ ಬಿದ್ದಿರುವಾಗ ಅಪ್ಪ ಪೆಟ್ಟಿಗೆ ತೆಗೆದು ಲೆಕ್ಕ ಹೇಳುತ್ತಾನೆ. ಹಳೇ ವ್ಯಾಪಾರದ ದುಡ್ಡು ಸ್ವಲ್ಪ ಉಳಿದಿತ್ತಂತೆ. ಗ್ರೆಗರ್ ಕೊಟ್ಟದ್ದರಲ್ಲೂ ಎಲ್ಲ ಖರ್ಚಾಗಿರಲಿಲ್ಲವಂತೆ. ಇದನ್ನು ಮೊದಲೇ ಸಾಲಕ್ಕೆ ಕಟ್ಟಿದ್ದರೆ ಅವನು ಆ ನೌಕರಿ ಎಷ್ಟೋ ಬೇಗ ಬಿಡಬಹುದಿತ್ತು. ಗ್ರೆಗರ್ ಬಾಗಿಲ ಹಿಂದೆ ಇದನ್ನು ಕೇಳಿಸಿಕೊಂಡು ಏನು ಮಾಡುತ್ತಾನೆ? ಅಪ್ಪ ಎಷ್ಟು ಮುಂದಾಲೋಚನೆ ಮಾಡಿದ್ದಾರೆ ಅಂತ ತಲೆ ಆಡಿಸುತ್ತಾನೆ. ನನಗೆ ಅಪ್ಪನಿಗಿಂತ ಗ್ರೆಗರ್ ಮೇಲೆಯೇ ಸಿಟ್ಟು ಬಂತು.

ಇಂಥ ಅಣ್ಣ ಬಾಗಿಲ ಆ ಕಡೆ ಇದ್ದಾನೆ ಅಂತ ಗೊತ್ತಿದ್ದೂ 'ಇದು ಅವನೇ ಆಗಿದ್ದರೆ ತಾನಾಗಿ ಮನೆ ಬಿಟ್ಟು ಹೋಗುತ್ತಿದ್ದ' ಅಂದಳಲ್ಲ ಗ್ರೇಟೆ. ಅದನ್ನು ಹೇಗೆ ಕ್ಷಮಿಸೋಣ?

ಶುಂಠಿ ಕಷಾಯ

ನಾನು ಹೇಳಲೇ? ನಮ್ಮ ಮಾವನವರಿಗೆ ಪಾರ್ಶ್ವವಾಯು ಆಗಿ ಮಾತು ಹೋಗಿದೆ. ಮೈ ಒರೆಸುವುದು, ಊಟ ತಿನ್ನಿಸುವುದು, ಮಗ್ಗುಲು ಬದಲಿಸುವುದು ನನ್ನ ಪಾಲಿನ ಕೆಲಸ. ಬೇಸರ ಅಂತ ಹೇಳುತ್ತಿಲ್ಲ. ಅವರು ನನ್ನನ್ನು ಮಗಳ ಹಾಗೆ ನೋಡಿಕೊಂಡವರು.

ಗ್ರೇಟೆ ಆ ಮಾತು ಹೇಳುವ ಪುಟಕ್ಕೆ ಬಂದಾಗ ನಾನು ಪುಸ್ತಕ ಮುಚ್ಚಿಟ್ಟು ಎದ್ದು ಹೋಗಿದ್ದೆ. ಅಂಥ ಮಾತು ಮನಸ್ಸಿಗೆ ಬಂದು ಹೋಗುವುದು ನನಗೂ ಗೊತ್ತು. 'ಇವರು ನಮ್ಮ ಮಾವನೇ ಹೌದಾ' ಅಂತ. ಬಾಯಿಗೆ ಬರುವುದಿಲ್ಲ ಅಷ್ಟೆ. ಗ್ರೇಟೆಗೆ ಬಾಯಿಗೆ ಬಂತು. ಅವಳಿಗೆ ಅವತ್ತಿನವರೆಗೆ ಯಾರಾದರೂ ಒಂದು ದಿನ ಬಿಡುವು ಕೊಟ್ಟಿದ್ದರಾ? 'ನೀನು ಮಲಗಮ್ಮಾ, ಇವತ್ತು ಊಟ ನಾನು ಇಡ್ತೀನಿ' ಅಂದಿದ್ದರಾ?

ಇನ್ನೊಂದು ದೃಶ್ಯ ಇದೆ, ಅದರ ಬಗ್ಗೆ ಯಾರೂ ಮಾತಾಡುವುದು ಕಂಡಿಲ್ಲ. ಕಥೆಯ ಕೊನೆ ಭಾಗದಲ್ಲಿ ಗ್ರೇಟೆಗೆ ಕೆಲಸ ಜಾಸ್ತಿಯಾಗಿ ಅಣ್ಣನ ಕೋಣೆ ಗುಡಿಸುವುದು ನಿಂತುಹೋಗಿರುತ್ತದೆ. ಗೋಡೆ ತುಂಬ ಕೊಳೆ, ಮೂಲೆ ಮೂಲೆಯಲ್ಲಿ ಧೂಳು. ಒಂದು ದಿನ ಅಮ್ಮ ಬಕೆಟ್‌ಗಟ್ಟಲೆ ನೀರು ಹಾಕಿ ಕೋಣೆ ತೊಳೆಯುತ್ತಾಳೆ. ಸಂಜೆ ಗ್ರೇಟೆ ಬಂದು ನೋಡಿದವಳೇ ಬಿಕ್ಕಿ ಬಿಕ್ಕಿ ಅಳುತ್ತಾಳೆ. ಮನೆಯಲ್ಲಿ ದೊಡ್ಡ ಜಗಳ. ತಾನೂ ಮಾಡುತ್ತಿಲ್ಲ, ಬೇರೆಯವರು ಮಾಡಿದರೂ ಆಗುವುದಿಲ್ಲ. ಹೊರಗಿನವರಿಗೆ ಇದು ಹಟ ಅಂತ ಕಾಣಬಹುದು. ನನಗೆ ಹಾಗೆ ಕಾಣಲಿಲ್ಲ. ರೋಗಿಯ ಕೋಣೆ ಅವಳದು. ಆ ಮನೆಯಲ್ಲಿ ಅವಳ ಮಾತು ನಡೆಯುವ ಒಂದೇ ಜಾಗ ಅದು. ಮೊದಲೆಲ್ಲ ಅವಳನ್ನು ಕೈಲಾಗದ ಹುಡುಗಿ ಅಂತ ಬೈಯುತ್ತಿದ್ದ ಅಪ್ಪ ಅಮ್ಮ ಅಣ್ಣನ ವಿಷಯದಲ್ಲಿ ಮಾತ್ರ ಅವಳನ್ನು ಕೇಳಿಯೇ ಮುಂದುವರಿಯುತ್ತಿದ್ದರು. ಆ ಗೌರವ ಬೇಕು, ಆದರೆ ಆ ದುಡಿಮೆ ಇನ್ನು ಆಗುವುದಿಲ್ಲ. ಇದು ಎಷ್ಟು ಕಷ್ಟದ ಜಾಗ ಅಂತ ಅಲ್ಲಿ ನಿಂತವರಿಗೇ ಗೊತ್ತು.

ಒಂದನೇ ತಾರೀಖು ಅವರೇ, ನಿಮ್ಮ ಮೇಲೆ ಸಿಟ್ಟಿಲ್ಲ. ದುಡ್ಡು ಕಳಿಸುವವರ ಕಷ್ಟ ಲೆಕ್ಕಕ್ಕೆ ಸಿಗುತ್ತದೆ. ಮಗ್ಗುಲು ಬದಲಿಸುವವರದ್ದು ಸಿಗುವುದಿಲ್ಲ. ಅಷ್ಟೇ ಹೇಳಿದ್ದು.

ಗ್ರಂಥಾಲಯದ ಮೂಲೆ

ಒಂದು ಭಿನ್ನ ಓದು ನೆನಪಿಸುತ್ತೇನೆ. ಕಾದಂಬರಿಕಾರ ನಬಕೋವ್ ಅಮೆರಿಕದಲ್ಲಿ ವಿದ್ಯಾರ್ಥಿಗಳಿಗೆ ಈ ಕಥೆ ಪಾಠ ಮಾಡುತ್ತಿದ್ದರು. ಅವರಿಗೆ ಚಿಟ್ಟೆಗಳ ಶಾಸ್ತ್ರ ಗೊತ್ತು, ಹಾಗಾಗಿ ಹುಳದ ಚಿತ್ರ ಬಿಡಿಸಿ, ಇದು ಜಿರಳೆಯಲ್ಲ, ಉಬ್ಬಿದ ಬೆನ್ನಿನ ಜೀರುಂಡೆ ಜಾತಿಯದ್ದು ಅಂತ ವಾದಿಸುತ್ತಿದ್ದರು. ಅಂಥ ಹುಳಕ್ಕೆ ಬೆನ್ನ ಚಿಪ್ಪಿನ ಕೆಳಗೆ ರೆಕ್ಕೆ ಇರುತ್ತದೆ, ಪಾಪ ಗ್ರೆಗರ್‌ಗೆ ಅದು ಕೊನೆಯವರೆಗೂ ತಿಳಿಯಲೇ ಇಲ್ಲ ಅಂದರು. ಮನೆಯವರ ವಿಷಯದಲ್ಲಿ ಅವರಿಗೆ ಕರುಣೆಯೇ ಇಲ್ಲ. ಗ್ರೆಗರ್ ಹುಳದ ವೇಷದಲ್ಲಿರುವ ಮನುಷ್ಯ, ಅವನ ಮನೆಯವರು ಮನುಷ್ಯರ ವೇಷದಲ್ಲಿರುವ ಹುಳಗಳು ಅನ್ನುವುದು ಅವರ ಮಾತು. ಗ್ರೇಟೆಯನ್ನೂ ಅದರಲ್ಲೇ ಸೇರಿಸಿದರು.

ರೆಕ್ಕೆಯ ಮಾತು ನನಗೆ ತುಂಬ ಹಿಡಿಸುತ್ತದೆ. ಮನೆಯವರ ಮಾತು ಅಷ್ಟು ಹಿಡಿಸುವುದಿಲ್ಲ. ಕಿಟಕಿ ತೆರೆದೇ ಇದ್ದಾಗಲೂ ಗ್ರೆಗರ್ ಅಲ್ಲಿ ಕುರ್ಚಿಗೆ ಒರಗಿ ಹೊರಗೆ ನೋಡುತ್ತಿದ್ದ, ಅಷ್ಟೆ. ಹೋಗಬೇಕು ಅಂತ ಅವನಿಗೆ ಹೊಳೆಯುವುದೇ ಇಲ್ಲ. ಕುಟುಂಬ ಅವನನ್ನು ಕಟ್ಟಿಹಾಕಿತು ಅನ್ನುವುದಕ್ಕಿಂತ, ಕಟ್ಟು ಇಲ್ಲದೆ ಬದುಕುವುದು ಹೇಗೆ ಅಂತ ಅವನಿಗೇ ಗೊತ್ತಿರಲಿಲ್ಲ ಅಂತ ನನಗನ್ನಿಸುತ್ತದೆ.

ಹಳೇ ಸಂಚಿಕೆ

ಈ ಕಥೆ ಬರೆಯುವ ಹೊತ್ತಿಗೆ ಕಾಫ್ಕಾನ ಮನೆಯಲ್ಲಿ ಏನು ನಡೆಯುತ್ತಿತ್ತು ಅಂತ ತಿಳಿದರೆ ಗ್ರೇಟೆಯ ಮಾತಿಗೆ ಬೇರೆಯೇ ತೂಕ ಬರುತ್ತದೆ.

ಕಾಫ್ಕಾ ಪ್ರಾಗ್‌ನಲ್ಲಿ ಅಪ್ಪ ಅಮ್ಮನ ಜೊತೆ ಇದ್ದ. 1908ರಿಂದ ಕಾರ್ಮಿಕರ ಅಪಘಾತ ವಿಮಾ ಸಂಸ್ಥೆಯಲ್ಲಿ ನೌಕರಿ. ಮಧ್ಯಾಹ್ನ ಎರಡಕ್ಕೆ ಕೆಲಸ ಮುಗಿಯುತ್ತಿತ್ತು. ಸ್ವಲ್ಪ ಮಲಗಿ, ರಾತ್ರಿ ಮನೆಯವರೆಲ್ಲ ಮಲಗಿದ ಮೇಲೆ ಬರೆಯುತ್ತಿದ್ದ. ಅಪ್ಪ ಹರ್ಮನ್ ಕಾಫ್ಕಾಗೆ ದೊಡ್ಡ ಅಂಗಡಿ. ಹಿರಿಯ ತಂಗಿ, 'ಎಲ್ಲಿ' ಅನ್ನುವವಳ ಗಂಡ 1911ರಲ್ಲಿ ಆಸ್ಬೆಸ್ಟಾಸ್ ಕಾರ್ಖಾನೆ ಶುರು ಮಾಡಿದ. ಅದರಲ್ಲಿ ಮನೆಯ ದುಡ್ಡೂ ಇತ್ತು, ಫ್ರಾಂಝ್‌ನ ಹೆಸರೂ ಇತ್ತು. 1912ರ ಅಕ್ಟೋಬರ್‌ನಲ್ಲಿ ಭಾವ ಊರಲ್ಲಿ ಇರಲಿಲ್ಲ. ಮಧ್ಯಾಹ್ನ ನೀನು ಹೋಗಿ ಕಾರ್ಖಾನೆ ನೋಡಿಕೋ ಅಂತ ಮನೆಯವರ ಒತ್ತಾಯ. ಹೋದರೆ ಬರವಣಿಗೆಗೆ ಉಳಿದಿದ್ದ ಹೊತ್ತೂ ಹೋಗುತ್ತದೆ.

ಮೂವರು ತಂಗಿಯರಲ್ಲಿ ಕಿರಿಯವಳು ಒಟ್ಲಾ. ಅಣ್ಣನಿಗೆ ಅವಳೆಂದರೆ ಪ್ರಾಣ, ಅವಳು ಯಾವಾಗಲೂ ಅವನ ಪಕ್ಷ. ಆ ಸಂಜೆ ಅವಳೂ ಅಪ್ಪ ಅಮ್ಮನ ಜೊತೆ ಸೇರಿ ಅಣ್ಣನದೇ ತಪ್ಪು ಅಂದಳು. ಅವತ್ತು ರಾತ್ರಿ ಕಾಫ್ಕಾ ಗೆಳೆಯ ಮ್ಯಾಕ್ಸ್ ಬ್ರಾಡ್‌ಗೆ ಪತ್ರ ಬರೆದ. ಕಿಟಕಿಯ ಬಳಿ ತುಂಬ ಹೊತ್ತು ನಿಂತಿದ್ದೆ, ಹಾರಿಬಿಡಬೇಕು ಅನ್ನಿಸಿತು ಅಂತ. ಬ್ರಾಡ್ ಗಾಬರಿಯಾಗಿ ಕಾಫ್ಕಾನ ಅಮ್ಮನಿಗೆ ಗುಟ್ಟಾಗಿ ಪತ್ರ ಬರೆದ.

ಇದಾಗಿ ಒಂದೂವರೆ ತಿಂಗಳೂ ಕಳೆದಿಲ್ಲ. ನವೆಂಬರ್ 17ಕ್ಕೆ 'ಮೆಟಮಾರ್ಫಸಿಸ್' ಶುರುವಾಯಿತು. ಡಿಸೆಂಬರ್ 7ಕ್ಕೆ ಮುಗಿಯಿತು.

ಕಥೆಯಲ್ಲಿ ತಂಗಿಯೇ ಕೊನೆಯ ಮಾತು ಹೇಳುವುದು ಯಾಕೆ ಅಂತ ನನಗೆ ಇಲ್ಲಿ ಕಾಣುತ್ತದೆ. ಅಪ್ಪ ಹೇಳಿದ್ದರೆ ಅದು ಹಳೇ ಕಥೆ. ಎರಡು ತಿಂಗಳ ಹಿಂದೆ, ಸೆಪ್ಟೆಂಬರ್ 22ರ ರಾತ್ರಿ ಒಂದೇ ಕೂತಲ್ಲಿ ಬರೆದ 'ದಿ ಜಡ್ಜ್‌ಮೆಂಟ್'ನಲ್ಲಿ ಅಪ್ಪನೇ ಮಗನಿಗೆ ನೀರಲ್ಲಿ ಮುಳುಗಿ ಸಾಯುವ ಶಿಕ್ಷೆ ಕೊಡುತ್ತಾನೆ. ಮಗ ಓಡಿಹೋಗಿ ಸೇತುವೆಯಿಂದ ಬೀಳುತ್ತಾನೆ. ಅಪ್ಪನ ಸಿಟ್ಟಿಗೆ ಕಾಫ್ಕಾ ಹೊಸಬನಲ್ಲ. ನಂಬಿದವಳು ಎದುರು ಕಡೆ ಹೋಗಿ ನಿಂತದ್ದು ಹೊಸದು.

ಇಷ್ಟಾದರೂ ಒಟ್ಲಾ ಅಣ್ಣನ ಕೈಬಿಡಲಿಲ್ಲ ಅನ್ನುವುದನ್ನೂ ಹೇಳಬೇಕು. 1917ರಲ್ಲಿ ಅವನಿಗೆ ಕ್ಷಯ ಅಂತ ಗೊತ್ತಾದ ಮೇಲೆ ಝೂರಾವ್ ಅನ್ನುವ ಹಳ್ಳಿಯಲ್ಲಿ ತಿಂಗಳುಗಟ್ಟಲೆ ತನ್ನ ಹತ್ತಿರ ಇಟ್ಟುಕೊಂಡು ನೋಡಿಕೊಂಡಳು. ಕಾಫ್ಕಾ 1924ರಲ್ಲಿ ತೀರಿಕೊಂಡ. ಮೂವರು ತಂಗಿಯರನ್ನೂ ನಾಜಿಗಳು ಕೊಂದರು. 1943ರಲ್ಲಿ ಒಟ್ಲಾ ತೆರೇಸಿಯೆನ್‌ಸ್ಟಾಟ್‌ನಲ್ಲಿ ಸೆರೆಯಲ್ಲಿದ್ದಳು. ಅಲ್ಲಿದ್ದ ಮಕ್ಕಳ ಒಂದು ಗುಂಪನ್ನು ಸಾಗಿಸುವಾಗ ಅವರ ಜೊತೆ ತಾನೂ ಹೋಗುತ್ತೇನೆ ಅಂತ ಮುಂದೆ ಬಂದಳು. ಆ ರೈಲು ಹೋದದ್ದು ಆಶ್ವಿಟ್ಜ್ ಕೊಲೆಶಿಬಿರಕ್ಕೆ. ಗ್ರೇಟೆಯ ಜೊತೆ ಒಟ್ಲಾಳ ಹೆಸರು ತರುವವರು ಇದನ್ನೂ ಜೊತೆಗೆ ಹೇಳಲೇಬೇಕು.

ಒಂದನೇ ತಾರೀಖು

ಹಳೇ ಸಂಚಿಕೆ ಸರ್, ಕಾರ್ಖಾನೆಯ ವಿಷಯ ಗೊತ್ತೇ ಇರಲಿಲ್ಲ. ಧನ್ಯವಾದ. ಒಟ್ಲಾ ಬಗ್ಗೆ ಓದಿದ ಮೇಲೆ ತುಂಬ ಹೊತ್ತು ಬೇರೇನೂ ಮಾಡಲಾಗಲಿಲ್ಲ.

ಶುಂಠಿ ಕಷಾಯ ಅಕ್ಕ, ನೀವು ಹೇಳಿದ ಲೆಕ್ಕಕ್ಕೆ ಸಿಗದ ದುಡಿಮೆ ಸರಿ. ಆದರೆ ದುಡಿಯುವವನ ಲೆಕ್ಕವೂ ಮನೆಯಲ್ಲಿ ಸರಿಯಾಗಿ ಸಿಗುವುದಿಲ್ಲ. ದುಡ್ಡು ಲೆಕ್ಕಕ್ಕೆ ಸಿಗುತ್ತದೆ, ದುಡಿದವನು ಸಿಗುವುದಿಲ್ಲ.

ಧಾರವಾಡ ಮಳೆ

ನೀವೆಲ್ಲ ಕಾಫ್ಕಾನಲ್ಲೇ ನಿಂತಿದ್ದೀರಿ. ನನಗೆ ಇದನ್ನು ಫ್ರೆಂಚ್ ಲೇಖಕ ಆಲ್ಬರ್ಟ್ ಕಮೂನ 'ದಿ ಔಟ್‌ಸೈಡರ್' ಪಕ್ಕ ಇಟ್ಟು ನೋಡಬೇಕು ಅನ್ನಿಸುತ್ತದೆ. 1942ರ ಕಾದಂಬರಿ, ನಡೆಯುವುದು ಫ್ರೆಂಚರ ಆಳ್ವಿಕೆಯ ಅಲ್ಜೀರಿಯಾದಲ್ಲಿ.

ಗ್ರೆಗರ್ ಕರ್ತವ್ಯ ಮಾಡಿ ಮಾಡಿ ಸಾಯುತ್ತಾನೆ. ಕಮೂನ ನಾಯಕ ಮರ್ಸೋ ಕರ್ತವ್ಯ ಮಾಡಿದ ಹಾಗೆ ಕಾಣಲಿಲ್ಲ ಅಂತ ಸಾಯುತ್ತಾನೆ. ಅವನ ಅಮ್ಮ ಮರೆಂಗೋ ಊರಿನ ವೃದ್ಧಾಶ್ರಮದಲ್ಲಿ ತೀರಿಕೊಳ್ಳುತ್ತಾಳೆ, ಅಲ್ಜಿಯರ್ಸ್‌ನಿಂದ 80 ಕಿಲೋಮೀಟರ್. ಎರಡು ದಿನ ರಜೆ ಕೇಳಿದರೆ ಸಾಹೇಬರ ಮುಖ ಸಪ್ಪಗಾಗುತ್ತದೆ. 'ಇದರಲ್ಲಿ ನನ್ನ ತಪ್ಪೇನಿಲ್ಲ' ಅನ್ನುತ್ತಾನೆ ಮರ್ಸೋ. ಗ್ರೆಗರ್‌ನ ರೈಲಿಗೂ ಇದಕ್ಕೂ ಎಷ್ಟು ಹತ್ತಿರ ನೋಡಿ. ಅಮ್ಮ ಸತ್ತರೂ, ಮೈ ಹುಳವಾದರೂ, ಮೊದಲು ಉತ್ತರ ಕೊಡಬೇಕಾದ್ದು ಆಫೀಸಿಗೆ.

ಆಶ್ರಮದ ಮೇಲ್ವಿಚಾರಕ ಮೊದಲು ಎಷ್ಟು ಒಳ್ಳೆಯ ಮಾತಾಡುತ್ತಾನೆ. ನೀವು ಸಮಜಾಯಿಷಿ ಕೊಡಬೇಕಿಲ್ಲ, ನಿಮ್ಮ ಸಂಬಳದಲ್ಲಿ ಅವರನ್ನು ನೋಡಿಕೊಳ್ಳಲು ಆಗುತ್ತಿರಲಿಲ್ಲ, ಅವರು ಇಲ್ಲಿ ಹೆಚ್ಚು ಸುಖವಾಗಿದ್ದರು ಅಂತ. ಮುಂದೆ ಕೋರ್ಟಿನಲ್ಲಿ ಅದೇ ಮನುಷ್ಯ ಸಾಕ್ಷಿಗೆ ಬಂದು, ಇವನು ತಾಯಿಯ ಮುಖ ನೋಡಲಿಲ್ಲ, ಒಮ್ಮೆಯೂ ಅಳಲಿಲ್ಲ, ಮಣ್ಣು ಮಾಡಿದ ಕೂಡಲೇ ಹೊರಟ ಅನ್ನುತ್ತಾನೆ. ಹೆಣದ ಪಕ್ಕ ಹಾಲು ಹಾಕಿದ ಕಾಫಿ ಕುಡಿದದ್ದು, ಸಿಗರೇಟು ಸೇದಿದ್ದು, ಮರುದಿನ ಹುಡುಗಿಯ ಜೊತೆ ಹಾಸ್ಯದ ಸಿನಿಮಾಕ್ಕೆ ಹೋದದ್ದು ಎಲ್ಲ ಆರೋಪಪಟ್ಟಿಗೆ ಸೇರುತ್ತವೆ. ಅವನು ಒಬ್ಬ ಅರಬನನ್ನು ಗುಂಡು ಹೊಡೆದು ಕೊಂದಿದ್ದಾನೆ, ಆದರೆ ವಿಚಾರಣೆ ಅಮ್ಮನ ಅಂತ್ಯಕ್ರಿಯೆಯ ಬಗ್ಗೆ. ಸತ್ತವನಿಗೆ ಕಾದಂಬರಿಯಲ್ಲಿ ಹೆಸರೇ ಇಲ್ಲ. ಅವನಿಗೂ ಒಬ್ಬ ತಾಯಿ ಇದ್ದಿರಬೇಕಲ್ಲ? ಆ ಪ್ರಶ್ನೆ ಹಿಡಿದು ಅಲ್ಜೀರಿಯಾದ ಕಮೆಲ್ ದಾವೂದ್ 2013ರಲ್ಲಿ ಇನ್ನೊಂದು ಕಾದಂಬರಿಯನ್ನೇ ಬರೆದರು, ಸತ್ತವನ ತಮ್ಮನ ಬಾಯಲ್ಲಿ. ಅಲ್ಲಿ ಮಗನ ಸಾವನ್ನು ಮರೆಯಲಾರದ ತಾಯಿ ಉಳಿದ ಮಗನ ಬದುಕನ್ನೇ ಆ ಸಾವಿಗೆ ಕಟ್ಟಿಹಾಕುತ್ತಾಳೆ.

ಕರ್ತವ್ಯ ಮಾಡುವುದು ಒಂದು, ಮಾಡುತ್ತಿದ್ದೇನೆ ಅಂತ ನಾಲ್ಕು ಜನಕ್ಕೆ ಕಾಣಿಸುವುದು ಇನ್ನೊಂದು. ನಮ್ಮಲ್ಲೂ ಮನೆಯಲ್ಲಿ ಸಾವಾದರೆ ಯಾರು ಎಷ್ಟು ಅತ್ತರು ಅಂತ ನೋಡುವವರು ಇದ್ದೇ ಇರುತ್ತಾರೆ. ಮರ್ಸೋ ಅಮ್ಮನನ್ನು ಪ್ರೀತಿಸುತ್ತಿರಲಿಲ್ಲ ಅಂತ ನಾನು ಓದುವುದಿಲ್ಲ. ಸಾಯುವ ಮುಂಚೆ ಅವನಿಗೆ ನೆನಪಾಗುವುದು ಅವಳೇ. ಮುದಿವಯಸ್ಸಿನಲ್ಲಿ ಅವಳು ಯಾಕೆ ಒಬ್ಬ ಗೆಳೆಯನನ್ನು ಮಾಡಿಕೊಂಡಳು ಅಂತ ಅವನಿಗೆ ಆಗ ಅರ್ಥವಾಗುತ್ತದೆ. ಅವಳಿಗಾಗಿ ಅಳುವ ಹಕ್ಕು ಯಾರಿಗೂ ಇಲ್ಲ ಅಂದುಕೊಳ್ಳುತ್ತಾನೆ.

ಹಿತ್ತಲ ಬಾಗಿಲು

ಧಾರವಾಡ ಮಳೆ ಅವರೇ, ಕಾಣಿಸುವ ಕರ್ತವ್ಯದ ಮಾತು ತುಂಬ ಸರಿ. ಸಾಮ್ಸಾ ಮನೆಯಲ್ಲಿ ಇದು ತಿರುವುಮುರುವಾಗಿದೆ. ಅಲ್ಲಿ ನಾಲ್ಕು ಜನ ನೋಡಬಾರದು. ಬಾಡಿಗೆಗೆ ಇದ್ದ ಮೂವರು ಗಡ್ಡದವರ ಕಣ್ಣಿಗೆ ಗ್ರೆಗರ್ ಬೀಳುವವರೆಗೂ ಮನೆಯವರು ಹೇಗೋ ಸಹಿಸಿಕೊಂಡಿದ್ದರು. ಅವರು ನೋಡಿ, ಬಾಡಿಗೆ ಕೊಡುವುದಿಲ್ಲ ಅಂದ ರಾತ್ರಿಯೇ ಗ್ರೇಟೆ ಬಾಯಿಬಿಟ್ಟದ್ದು.

ಕುಟುಂಬದಲ್ಲಿ ದುಡಿಯುವವನ ಸುತ್ತ ಉಳಿದವರೆಲ್ಲ ಸುತ್ತುವುದನ್ನು ಕನ್ನಡದಲ್ಲಿ ವಿವೇಕ ಶಾನಭಾಗರ 'ಘಾಚರ್ ಘೋಚರ್' ಎಷ್ಟು ಚೆನ್ನಾಗಿ ತೋರಿಸಿದೆ ಅಲ್ವಾ. ಅಲ್ಲೂ ಅಪ್ಪ ಮೊದಲು ಸೇಲ್ಸ್‌ಮನ್. ಆಮೇಲೆ ಚಿಕ್ಕಪ್ಪನ ವ್ಯಾಪಾರ ಕುದುರುತ್ತದೆ, ಮನೆಯಲ್ಲಿ ಚಿಕ್ಕಪ್ಪನ ಊಟ, ನಿದ್ದೆ, ಮೂಡು ಎಲ್ಲವನ್ನೂ ಎಲ್ಲರೂ ಕಾಯುತ್ತಾರೆ. ಹಳೇ ಮನೆಯ ಇರುವೆಗಳ ಮೇಲೆ ಅವರ ಹೋರಾಟ ಓದುವಾಗ ನನಗೆ ಸಾಮ್ಸಾ ಮನೆ ನೆನಪಾಗಿತ್ತು. ದುಡಿಯುವವನಿಗೆ ಅಲ್ಲಿ ರಾಜೋಪಚಾರ, ಇಲ್ಲಿ ತಣ್ಣನೆಯ ಕೃತಜ್ಞತೆ. ಎರಡು ಮನೆಯಲ್ಲೂ ದುಡಿಯದೆ ಉಳಿದವರ ಭಯ ಒಂದೇ.

ಈಗ ನನ್ನ ಮುಖ್ಯ ಮಾತಿಗೆ ಬರುತ್ತೇನೆ. ಕೊನೆಯ ಪುಟ. ಗ್ರೆಗರ್ ಸತ್ತ ಬೆಳಿಗ್ಗೆ ಮೂವರೂ ರಜೆ ಹಾಕಿ, ಟ್ರಾಮ್ ಹತ್ತಿ ಊರ ಹೊರಗೆ ಹೋಗುತ್ತಾರೆ. ಮಾರ್ಚ್ ತಿಂಗಳು, ಎಳೆ ಬಿಸಿಲು. ಮೂವರಿಗೂ ಒಳ್ಳೇ ಕೆಲಸ ಇದೆ, ಗ್ರೆಗರ್ ಆರಿಸಿದ್ದ ದೊಡ್ಡ ಮನೆ ಬಿಟ್ಟು ಚಿಕ್ಕದಕ್ಕೆ ಹೋಗೋಣ ಅಂತ ಮಾತಾಡಿಕೊಳ್ಳುತ್ತಾರೆ. ಆಗ ಅಪ್ಪ ಅಮ್ಮನಿಗೆ ಒಟ್ಟಿಗೇ ಹೊಳೆಯುತ್ತದೆ, ಮಗಳು ಬೆಳೆದು ಚೆಂದವಾಗಿದ್ದಾಳೆ, ಒಳ್ಳೇ ಗಂಡು ಹುಡುಕಬೇಕು. ಗ್ರೇಟೆ ಮೊದಲು ಎದ್ದು ಮೈ ಮುರಿಯುತ್ತಾಳೆ. ಕಥೆ ಮುಗಿಯಿತು.

ತಮಗೇನು ಬೇಕು ಅನ್ನುವುದನ್ನು ಬಿಟ್ಟು ಆ ಇಬ್ಬರು ಮಗನನ್ನೂ ಯಾವತ್ತೂ ನೋಡಿರಲಿಲ್ಲ. ಈಗ ಅದೇ ನೋಟ ಮಗಳ ಕಡೆ ತಿರುಗಿತು. ನನಗೆ ಈ ಬಿಸಿಲು ಭಯ ಹುಟ್ಟಿಸುತ್ತದೆ.

ಗ್ರಂಥಾಲಯದ ಮೂಲೆ

ಇಲ್ಲ, ಇದನ್ನು ಒಪ್ಪಲಾರೆ. ಮೈ ಮುರಿಯುವುದು ಗ್ರೇಟೆ. ಅಪ್ಪ ಅಮ್ಮ ಏನೇ ಅಂದುಕೊಳ್ಳಲಿ, ಆ ಮೈ ಅವಳದು. ತಿಂಗಳುಗಟ್ಟಲೆ ಕೊಳೆತ ವಾಸನೆಯ ಕೋಣೆಗೆ ಹೋಗಿಬಂದವಳು ಬಿಸಿಲಿಗೆ ಬಂದು ಎದ್ದು ನಿಂತಿದ್ದಾಳೆ. ಅವಳಿಗೆ ಈಗ ಸಂಬಳ ಇದೆ. ಶೀಘ್ರಲಿಪಿ, ಫ್ರೆಂಚ್ ಕಲಿಯುತ್ತಿದ್ದಾಳೆ. ಗ್ರೆಗರ್ ಹೋದ ದಾರಿಯಲ್ಲೇ ಅವಳೂ ಹೋಗುತ್ತಾಳೆ ಅಂತ ನಾವು ಯಾಕೆ ಅಂದುಕೊಳ್ಳಬೇಕು? ಗ್ರೇಟೆಯ ಪರ ಮಾತಾಡುತ್ತಾ ನೀವೇ ಅವಳಿಗೆ ಇನ್ನೊಂದು ಸೆರೆ ಕಟ್ಟುತ್ತಿದ್ದೀರಿ.

ಹಳೇ ಸಂಚಿಕೆ

ಕಾಫ್ಕಾನಿಗೇ ಈ ಕೊನೆ ಇಷ್ಟವಾಗಿರಲಿಲ್ಲ. 1914ರ ಜನವರಿಯಲ್ಲಿ ದಿನಚರಿಯಲ್ಲಿ ಬರೆದುಕೊಂಡಿದ್ದಾನೆ, ಕೊನೆ ಓದುವ ಹಾಗಿಲ್ಲ, ಬರೆಯುವಾಗ ಆಫೀಸಿನ ಪ್ರವಾಸ ಅಡ್ಡ ಬರದಿದ್ದರೆ ಎಷ್ಟೋ ಚೆನ್ನಾಗಿ ಆಗುತ್ತಿತ್ತು ಅಂತ. ನೌಕರಿ ಕೆಡಿಸಿದ ಬದುಕಿನ ಕಥೆಗೂ ನೌಕರಿಯೇ ಅಡ್ಡ ಬಂತು.

ಒಂದನೇ ತಾರೀಖು

ಪಿಟೀಲಿನ ವಿಷಯ ಯಾರೂ ಎತ್ತಲಿಲ್ಲ. ತಂಗಿಯನ್ನು ಸಂಗೀತ ಶಾಲೆಗೆ ಸೇರಿಸಬೇಕು, ಖರ್ಚು ಎಷ್ಟಾದರೂ ಸರಿ, ಕ್ರಿಸ್‌ಮಸ್ ಹಿಂದಿನ ರಾತ್ರಿ ಎಲ್ಲರ ಮುಂದೆ ಹೇಳಬೇಕು ಅಂತ ಗ್ರೆಗರ್ ಅಂದುಕೊಂಡಿದ್ದ. ಅವನ ದುಡಿಮೆಗೆ ಇದ್ದ ಒಂದೇ ಸ್ವಂತ ಕನಸು ಅದು. ನನಗೆ ಅವನ ಮೇಲೆ ಇಷ್ಟು ಮರುಕ ಬರುವುದೇ ಅದಕ್ಕೆ.

ಶುಂಠಿ ಕಷಾಯ

ನಾನೂ ಆ ಕನಸಿಗೆ ಕರಗಿದವಳೇ. ಆದರೆ ಅದರ ಮುಂದಿನ ಭಾಗವನ್ನೂ ನೋಡಿ. ಬಾಡಿಗೆಯವರ ಮುಂದೆ ಗ್ರೇಟೆ ಪಿಟೀಲು ನುಡಿಸುವಾಗ ಗ್ರೆಗರ್ ತೆವಳಿಕೊಂಡು ಹೊರಗೆ ಬರುತ್ತಾನೆ. ಅವಳ ಲಂಗ ಎಳೆದು ತನ್ನ ಕೋಣೆಗೆ ಕರೆದುಕೊಂಡು ಹೋಗಬೇಕು, ತಾನು ಬದುಕಿರುವವರೆಗೆ ಅವಳನ್ನು ಅಲ್ಲಿಂದ ಹೊರಗೆ ಬಿಡಬಾರದು, ಅವಳು ತಾನಾಗಿಯೇ ಇರಬೇಕು, ಆಗ ಸಂಗೀತ ಶಾಲೆಯ ವಿಷಯ ಹೇಳಬೇಕು ಅಂತ ಯೋಚಿಸುತ್ತಾನೆ. ಅವಳು ಅಳುತ್ತಾಳೆ, ತಾನು ಅವಳ ಕುತ್ತಿಗೆಗೆ ಮುತ್ತು ಕೊಡುತ್ತೇನೆ ಅಂತಲೂ.

ಆ ಶಾಲೆಗೆ ಹೋಗಬೇಕು ಅಂತ ಗ್ರೇಟೆಗೆ ಆಸೆ ಇದ್ದಿರಬಹುದು. ಮನೆಯಲ್ಲಿ ಆ ಮಾತು ಬಂದಾಗ ಅದು ಆಗದ ಕನಸಾಗಿಯೇ ಬರುತ್ತಿತ್ತು. ಅಪ್ಪ ಅಮ್ಮನಿಗೆ ಕೇಳಿಸಿಕೊಳ್ಳಲೂ ಇಷ್ಟವಿರಲಿಲ್ಲ. ಆದರೆ ಗ್ರೆಗರ್ ಅವಳಿಗೆ ಒಂದು ಮಾತು ಹೇಳಿದ್ದನಾ? ಐದು ವರ್ಷ ಸಾಲಕ್ಕಾಗಿ ದುಡಿದ, ಗುಟ್ಟಾಗಿ ತಂಗಿಗೆ ಭವಿಷ್ಯ ಕಟ್ಟಿದ. ಅಪ್ಪ ಗುಟ್ಟಾಗಿ ದುಡ್ಡು ಕೂಡಿಟ್ಟ. ಎಲ್ಲರೂ ಮನೆಯವರಿಗಾಗಿಯೇ ಮಾಡಿದರು, ಒಬ್ಬರೂ ಇನ್ನೊಬ್ಬರಿಗೆ ಹೇಳಲಿಲ್ಲ. ಆ ಅಪ್ಪನನ್ನೇ ನೋಡಿ. ಮಗ ದುಡಿಯುವಾಗ ಎದ್ದು ನಿಲ್ಲಲೂ ಆಗದ ಹಾಗಿದ್ದ. ಮಗ ಬಿದ್ದ ಮೇಲೆ ಬ್ಯಾಂಕಿನ ಜವಾನನ ಕೆಲಸ ಹಿಡಿದು, ಚಿನ್ನದ ಬಣ್ಣದ ಗುಂಡಿಯ ಸಮವಸ್ತ್ರ ಹಾಕಿ ನೆಟ್ಟಗೆ ನಿಂತ. ನಿಂತು ಮಗನಿಗೇ ಸೇಬು ಎಸೆದ. ಒಂದು ಹಣ್ಣು ಬೆನ್ನಲ್ಲಿ ಹೂತು ಅಲ್ಲೇ ಕೊಳೆಯಿತು. ನಿಲ್ಲುವ ಶಕ್ತಿ ಮೊದಲೇ ಇತ್ತು ಅಂತಾಯಿತಲ್ಲ. ಯಾರೂ ಕೇಳಿರಲಿಲ್ಲ, ಅವನೂ ಹೇಳಿರಲಿಲ್ಲ.

ಒಂದನೇ ತಾರೀಖು

ಅಕ್ಕ, ಅಪ್ಪನ ಕೈಲಾಗದತನಕ್ಕೆ ಮಗನ ದುಡಿಮೆಯೇ ಕಾರಣ ಅಂದರೆ ಅದು ನ್ಯಾಯ ಅಲ್ಲ. ಮನೆ ಮುಳುಗುವಾಗ ಅವನಿಗೆ ಯಾರು ಎಷ್ಟು ಮಾಡಬೇಕು ಅಂತ ಕೂತು ಹಂಚುವ ವ್ಯವಧಾನ ಎಲ್ಲಿತ್ತು? ಒಬ್ಬರು ಎದ್ದು ಹೊರಡಲೇಬೇಕಿತ್ತು, ಅವನು ಹೊರಟ. ಪಿಟೀಲಿನ ಆ ಯೋಚನೆ ಹಿಂಸೆ ಕೊಡುತ್ತದೆ, ನಿಜ. ಆದರೆ ಅದು ಹಸಿವಿನಿಂದ ಸಾಯುತ್ತಿದ್ದವನ ತಲೆಯಲ್ಲಿ ಬಂದದ್ದು. ಅಷ್ಟು ಹೊತ್ತಿಗೆ ಅವನ ಜೊತೆ ಯಾರೂ ಮಾತಾಡಿ ತಿಂಗಳುಗಳೇ ಆಗಿದ್ದವು. ಅವರು ಹೇಳುವುದೆಲ್ಲ ಅವನಿಗೆ ಅರ್ಥವಾಗುತ್ತದೆ ಅಂತ ಗ್ರೇಟೆಗೂ ಹೊಳೆಯಲಿಲ್ಲ. ಅದೊಂದು ಹೊಳೆದಿದ್ದರೆ?

ಶುಂಠಿ ಕಷಾಯ

ನಿಮ್ಮ ಕೊನೆಯ ಪ್ರಶ್ನೆಯೇ ನನ್ನನ್ನೂ ಬಿಡುವುದಿಲ್ಲ. ನಮ್ಮ ಮಾವನವರಿಗೆ ಎಷ್ಟು ಅರ್ಥವಾಗುತ್ತದೆ ಅಂತ ನಮಗೆ ತಿಳಿಯದು. ಮನೆಯವರು ಅವರ ಮುಂದೆಯೇ ಖರ್ಚು, ಔಷಧಿ, ಮುಂದೇನು ಅಂತೆಲ್ಲ ಮಾತಾಡಿಬಿಡುತ್ತೇವೆ. ಹಗಲು ಸಹಾಯಕ್ಕೆ ಬರುವ ಹೆಂಗಸು ಮಾತ್ರ ಅವರ ಜೊತೆ ಜೋರಾಗಿ, ತಮಾಷೆಯಾಗಿ ಮಾತಾಡುತ್ತಾಳೆ. 'ಏನಜ್ಜಾ, ಇವತ್ತು ಸಿಟ್ಟಾ?' ಅಂತ. ಅವರ ಕಣ್ಣು ಅವಳ ಕಡೆ ತಿರುಗುತ್ತದೆ. ನಮಗೆ ಹಾಗೆ ಮಾತಾಡಲು ಬರುವುದಿಲ್ಲ. ನಮ್ಮ ದನಿಯಲ್ಲಿ ಯಾವಾಗಲೂ ಒಂದು ತಪ್ಪಿತಸ್ಥ ಭಾವ ಇರುತ್ತದೆ.

ಸಾಮ್ಸಾ ಮನೆಗೆ ಕೊನೆಯಲ್ಲಿ ಕೆಲಸಕ್ಕೆ ಬರುವ ಮುದುಕಿ ನೆನಪಿದ್ದಾಳಾ? ದಪ್ಪ ಮೂಳೆಯ ಗಂಡನಿಲ್ಲದ ಹೆಂಗಸು. ಗ್ರೆಗರ್‌ನನ್ನು ಕಂಡು ಹೆದರದವಳು ಅವಳೊಬ್ಬಳೇ. ದಿನಾ ಬೆಳಿಗ್ಗೆ ಸಂಜೆ ಬಾಗಿಲು ತೆರೆದು 'ಬಾರೋ ಸಗಣಿ ಹುಳ' ಅಂತ ಕರೆಯುತ್ತಾಳೆ. ಅದರಲ್ಲಿ ಪ್ರೀತಿ ಇದೆ ಅಂತ ನಾನು ಹೇಳುವುದಿಲ್ಲ. ಅವನು ಮೈಮೇಲೆ ಬಂದಾಗ ಕುರ್ಚಿ ಎತ್ತಿ ಹಿಡಿದವಳು ಅವಳು. ಆದರೆ ಅವನ ಜೊತೆ ನೇರವಾಗಿ ಮಾತಾಡುವವಳು ಅವಳೇ. ಅವನಿಗೆ ಎಲ್ಲ ಬುದ್ಧಿಯೂ ಇದೆ ಅಂತ ಅವಳು ನಂಬಿದ್ದಳು ಅಂತ ಕಾಫ್ಕಾ ಬರೆಯುತ್ತಾನೆ. ಅವನು ಸತ್ತದ್ದನ್ನು ಮೊದಲು ನೋಡಿದವಳೂ ಅವಳೇ. ರಕ್ತಸಂಬಂಧ ಇಲ್ಲ, ಋಣ ಇಲ್ಲ, ಅವನಿಂದ ಏನೂ ಬರಬೇಕಾಗಿಲ್ಲ. ಅದಕ್ಕೇ ನೋಡಲು ಆಯಿತೇನೋ.

ಹೆಣವನ್ನು ಅವಳೇ ಹೊರಗೆ ಹಾಕಿ ಬಂದು ಬಾಗಿಲಲ್ಲಿ ನಗುತ್ತಾ ನಿಲ್ಲುತ್ತಾಳೆ, ಏನು ಮಾಡಿದೆ ಅಂತ ಹೇಳಬೇಕು ಅಂತ. ಆಗ ಮೂವರೂ ತಲೆ ತಗ್ಗಿಸಿ ಕೂತು ತಮ್ಮ ತಮ್ಮ ಸಾಹೇಬರಿಗೆ ರಜೆಯ ಪತ್ರ ಬರೆಯುತ್ತಿದ್ದಾರೆ. ಅಪ್ಪ ಕೈಯೆತ್ತಿ ಅವಳ ಮಾತನ್ನು ತಡೆಯುತ್ತಾನೆ. ಸಂಜೆ ಇವಳನ್ನು ಕೆಲಸದಿಂದ ಬಿಡಿಸುತ್ತೇನೆ ಅನ್ನುತ್ತಾನೆ. ಗ್ರೇಟೆಯೂ ಅಲ್ಲೇ ಇದ್ದಾಳೆ. ಅಣ್ಣನನ್ನು ಎಲ್ಲಿ ಹಾಕಿದೆ ಅಂತ ಅವಳೂ ಕೇಳುವುದಿಲ್ಲ. ಇಷ್ಟು ಹೊತ್ತು ಅವಳ ಪರ ಮಾತಾಡಿದ ನನಗೆ ಅಲ್ಲಿ ಅವಳ ಪರವಾಗಿ ಹೇಳಲು ಏನೂ ಸಿಗುವುದಿಲ್ಲ.